ಬಿಳಿ ಅಂಗಿಯವರನ್ನು ನಂಬಬಾರದು

ದೇವರಿಗೆ ನಮ್ಮ ಅತ್ತೆಯ ಮೇಲೆ ನಂಬಿಕೆ ಇರಬಹುದು. ಆದರೆ ಅತ್ತೆಗೆ ದೇವರ ಮೇಲೆ ನಂಬಿಕೆ ಇದೆಯೇ ಎಂದು ಮಾತ್ರ ನನ್ನನ್ನು ಕೇಳಬೇಡಿ! ದಿನಾ ಪೂಜೆ ಮಾಡುತ್ತಾಳೆ, ಇಲ್ಲವೆನ್ನುವುದಿಲ್ಲ. ಆದರೆ ನೈವೇದ್ಯ ಇಟ್ಟು ಮನೆಮಂದಿಯೆಲ್ಲ ಕಣ್ಣು ಮುಚ್ಚಿದಾಗ ಅವಳ ಒಂದು ಕಣ್ಣು ಅರ್ಧ ತೆರೆದೇ ಇರುತ್ತದೆ. ಯಾಕೆಂದು ಕೇಳಿದರೆ, "ಎಲ್ಲಾರೂ ಕಣ್ಣ ಮುಚ್ಚಿದ್ರ ನೋಡಾಕ ಯಾರರ ಬೇಕಲ್ಲಾ" ಎನ್ನುತ್ತಾಳೆ. ಯಾರನ್ನು ನೋಡಲು? ದೇವರನ್ನೋ, ನಮ್ಮನ್ನೋ? ಇದುವರೆಗೂ ಬಿಡಿಸಿ ಹೇಳಿಲ್ಲ.

ಅವಳು ನನ್ನ ಅಪ್ಪನ ಅಕ್ಕ. ನಾನು ಹುಟ್ಟುವುದಕ್ಕೆ ಮೊದಲಿನಿಂದಲೂ ನಮ್ಮ ಮನೆಯಲ್ಲೇ ಇದ್ದಾಳೆ. ಅಜ್ಜನ ಕಾಲಕ್ಕೆ ಬೆಳಗಾವಿ ಕಡೆಯಿಂದ ಗೋವೆಗೆ ಬಂದವರು ನಾವು. ಕುಂಕಳ್ಳಿಯ ಪೇಟೆಯಲ್ಲಿ ಕೆಳಗೆ ಸ್ಟೀಲ್ ಪಾತ್ರೆಯ ಅಂಗಡಿ, ಮೇಲೆ ಮನೆ. ಗಿರಾಕಿಗಳು ಕೊಡದ ತಳ ಬಡಿದು ಪರೀಕ್ಷೆ ಮಾಡುತ್ತಿದ್ದರೆ, ಅತ್ತೆ ಮೆಟ್ಟಿಲ ಮೇಲೆ ಕೂತು ಗಿರಾಕಿಗಳ ಪರೀಕ್ಷೆ ಮಾಡುತ್ತಿರುತ್ತಾಳೆ. ಗಿರಾಕಿಯೇ ದೇವರು ಎಂದು ಅಪ್ಪ ನಂಬಿದ್ದಾನೆ. ಅತ್ತೆಯದೂ ಅದೇ ಅಭಿಪ್ರಾಯ, ಅಂದರೆ ಅವರೆದುರೂ ಒಂದು ಕಣ್ಣು ತೆರೆದಿರಬೇಕು!

ಬೆಳಗಾದರೆ ಸೈಕಲ್ಲಿನ ಹಾರನ್ ಒತ್ತುತ್ತ ಪಾವ್ ಮಾರುವ ಪೊದೇರ ಬರುತ್ತಾನೆ. ಹಿಂದಿನ ಕಾಲದಲ್ಲಿ ಗೋವೆಯ ಪಾವ್ ಉಬ್ಬಲು ಹಿಟ್ಟಿಗೆ ಶೇಂದಿ ಹಾಕುತ್ತಿದ್ದರಂತೆ. ಇದನ್ನು ಯಾವ ಪುಣ್ಯಾತ್ಮರು ಅತ್ತೆಯ ಕಿವಿಗೆ ಹಾಕಿದರೋ! ದಿನವೂ ಪಾವ್ ಕೈಯಲ್ಲಿ ಹಿಡಿದು ಮೂಸಿ ಅವನ ಮುಖ ನೋಡುತ್ತಾಳೆ. ಅವನೂ ದಿನವೂ ಗಂಟಲು ಮುಟ್ಟಿಕೊಂಡು, ಈಗ ಯಾರೂ ಶೇಂದಿ ಹಾಕುವುದಿಲ್ಲ ಬಾಯಿ, ಎಂದು ಆಣೆ ಮಾಡುತ್ತಾನೆ. ಅವಳು ನಂಬುವುದಿಲ್ಲ. ಹಾಗಂತ ಪಾವ್ ಬಿಟ್ಟಿದ್ದಾಳೆಯೇ? ಎರಡು ತಿಂದು, ತಲೆ ತಿರುಗುತ್ತದೇನೋ ಎಂದು ಸ್ವಲ್ಪ ಹೊತ್ತು ಕೂತು ನೋಡುತ್ತಾಳೆ.

ಇಂಥವಳಿಗೆ ಚೀನಾ ದೇಶದ ಧಾರಾವಾಹಿಯ ರುಚಿ ಹಚ್ಚಿದವಳು ನಾನೇ. ಕಾರಣವಿತ್ತು. ಕನ್ನಡದ ಧಾರಾವಾಹಿಗಳನ್ನು ಅವಳ ಜೊತೆ ಕೂತು ನೋಡುವುದು ಅಸಾಧ್ಯವಾಗಿತ್ತು. ಪಾಯಸಕ್ಕೆ ಯಾರು ಏನು ಬೆರೆಸುತ್ತಾರೆ, ಯಾವ ತಂಗಿ ಸ್ವಂತ ತಂಗಿಯಲ್ಲ, ಎಲ್ಲವನ್ನೂ ಮೊದಲ ವಾರವೇ ಹೇಳಿ ಮುಗಿಸುತ್ತಿದ್ದಳು. ಇವಳಿಗೆ ತಲೆಬುಡ ತಿಳಿಯದಂಥದ್ದು ಏನಾದರೂ ಹಚ್ಚಿಕೊಡು ಎಂದು ಅಮ್ಮ ಕೈಮುಗಿದಳು. ಹುಡುಕಿ ಹುಡುಕಿ ಹಿಂದಿಗೆ ಡಬ್ ಆದ ಒಂದನ್ನು ಹಚ್ಚಿದೆ. ಕಾರ್ಟೂನ್ ಅಲ್ಲ, ನಿಜವಾದ ಮನುಷ್ಯರೇ. ನೆಲ ಗುಡಿಸುವ ನಿಲುವಂಗಿ ತೊಟ್ಟು, ಸೊಂಟದತನಕ ಕೂದಲು ಬಿಟ್ಟು, ಕತ್ತಿಯ ಮೇಲೆ ನಿಂತು ಮೋಡದಲ್ಲಿ ಓಡಾಡುತ್ತಾರೆ. ನರಿ ಹೆಣ್ಣಾಗುತ್ತದೆ, ಹೆಣ್ಣು ಹೂವಾಗುತ್ತದೆ, ಸತ್ತವರು ಅದೇ ಮುಖ ಹೊತ್ತು ಇನ್ನೊಂದು ಜನ್ಮಕ್ಕೆ ಬರುತ್ತಾರೆ. ನಾಯಕಿಗೆ ಹಿಂದಿನ ಜನ್ಮ ಮರೆತಿದೆ, ನಾಯಕನಿಗೆ ಮರೆತಿಲ್ಲ. ಇಷ್ಟು ಸಣ್ಣ ತೊಂದರೆ ಬಗೆಹರಿಯಲು ಐವತ್ತು ಕಂತು ಬೇಕೇ ಎಂದು ನೀವು ಕೇಳಬಹುದು. ಚೀನಾದವರನ್ನು ಕೇಳಿ!

ಹಾರುವ ಮನುಷ್ಯರನ್ನು ಕಂಡು ಅತ್ತೆ ಬೆರಗಾಗುತ್ತಾಳೆಂದು ನಾನು ಕಾದು ಕೂತೆ. ನಾಯಕ ಏಳು ಬೆಟ್ಟ ದಾಟಿ ಬಂದು ಅರಮನೆಯ ಅಂಗಳಕ್ಕೆ ಇಳಿದ. ಅತ್ತೆ ಕನ್ನಡಕ ಸರಿಮಾಡಿಕೊಂಡಳು. "ಹಾರೂದು ಇರಲಿ. ಹೊರಗಿಂದ ಬಂದಾಂವ ಕಾಲ ತೊಳಕೊಳ್ಳದ ಒಳಗ ಹೊಂಟಾನ ನೋಡ. ಇಂವಂಗ ಏನೋ ಅವಸರ ಐತಿ."

ಅಂದಿನಿಂದ ಶುರುವಾಯಿತು. ಹೆಸರುಗಳು ಬಾಯಿಗೆ ಬಾರದ್ದರಿಂದ ಎಲ್ಲರಿಗೂ ತಾನೇ ನಾಮಕರಣ ಮಾಡಿದಳು: ಗಡ್ಡದಾಂವ, ಊದಾ ಸೆರಗಿನಾಕಿ, ಹಾವಿನ ಕಣ್ಣಿನಾಂವ. ಆ ದೇಶದ ವೈದ್ಯರು ರಾಣಿಯ ಕೈಗೆ ದಾರ ಕಟ್ಟಿ, ಪರದೆಯಾಚೆ ಕೂತು ನಾಡಿ ನೋಡುತ್ತಾರೆ. ಆ ದಾರ ಬೇರೆ ಯಾರ ಕೈಯಲ್ಲಿದೆ ಎಂದು ಯಾರು ನೋಡಿದ್ದಾರೆ, ಎಂದು ಅತ್ತೆಯ ತಕರಾರು. ಚಹಾ ಕಂಡರಂತೂ ಎದ್ದು ನಿಲ್ಲುತ್ತಿದ್ದಳು. ಆ ಅರಮನೆಯಲ್ಲಿ ಚಹಾ ಕುಡಿದವರು ಒಬ್ಬರೂ ನೆಟ್ಟಗೆ ಮನೆಗೆ ಹೋದದ್ದಿಲ್ಲ, ನಿಜ! ಪಕ್ಕದ ಮನೆಯ ಕೊಂಕಣಿ ಬಾಯಿ ಸಂಜೆ ಬಂದು ಕೂತು, ಪ್ರೇಮಿಗಳು ಅಗಲಿದಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಷ್ಟು ಸುಲಭಕ್ಕೆ ಅಳುವವಳ ಮೇಲೂ ಅತ್ತೆಗೆ ಒಂದು ಸಂಶಯ ಬಂತು.

ಕಥೆಯಲ್ಲಿ ಒಬ್ಬ ಗುರು ಇದ್ದ. ಹಾಲಿನಂಥ ಬಿಳಿ ಅಂಗಿ, ಮೆಲುಮಾತು, ಕೈಯಲ್ಲಿ ಕೊಳಲು. ಗಾಯಗೊಂಡ ಗುಬ್ಬಿಗೂ ಮುಲಾಮು ಹಚ್ಚುವಂಥವನು. ಅವನು ಪರದೆಯ ಮೇಲೆ ಬಂದರೆ ಅಮ್ಮನ ಕೈಗಳು ತಾವಾಗಿಯೇ ಕೂಡಿಕೊಳ್ಳುತ್ತಿದ್ದವು. ಅತ್ತೆ ಅವನನ್ನು ಕಂಡ ಮೊದಲ ದಿನವೇ ಇವನೇ ಕಳ್ಳ ಎಂದಳು. ನಾವು ನಕ್ಕೆವು. ಅಮ್ಮ ಸಿಟ್ಟಾಗಿ ಅವಳೊಡನೆ ಒಂದು ಹೊತ್ತು ಮಾತು ಬಿಟ್ಟಳು. ಕಂತುಗಳು ಉರುಳಿದವು. ಕೊನೆಗೆ ನಾಯಕಿಯ ಕುಲವನ್ನೆಲ್ಲ ಸುಟ್ಟು ಬೂದಿ ಮಾಡಿದವನು ಯಾರೆಂದು ತಿಳಿಯಿತು ಅಂತೀರಿ? ಅವನೇ, ಕೊಳಲಿನವನೇ! ಅಮ್ಮನಿಗೆ ಎಂಥ ಪೆಟ್ಟಾಯಿತೆಂದರೆ ಅಂದಿನ ಸಾರಿಗೆ ಉಪ್ಪೇ ಬೀಳಲಿಲ್ಲ.

ನಿನಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಿದೆ.

"ಇಷ್ಟ ದಿವಸದಾಗ ಅಂವ ಒಮ್ಮೆರ ಸಿಟ್ಟಾದನು?" ಎಂದಳು ಅತ್ತೆ. "ಸಿಟ್ಟ ಬರಲಾರದ ಮನಶ್ಯಾ ಏನೋ ಮುಚ್ಚಿ ಇಟ್ಟಾನ ಅಂತ ತಿಳಿ."

ಇದು ನಮ್ಮ ಮನೆಯ ಕಾಯಿದೆಯಾಯಿತು. ನಗುತ್ತ ಬಂದ ನಳದ ರಿಪೇರಿಯವನನ್ನು ಬಾಗಿಲಲ್ಲೇ ನಿಲ್ಲಿಸಿದಳು. ಗ್ಯಾಸ್ ತರುವವನು ಬೈದುಕೊಂಡೇ ಮೆಟ್ಟಿಲು ಹತ್ತುತ್ತಾನೆ. ಅವನಿಗೆ ಮಜ್ಜಿಗೆ ಕೊಟ್ಟು ಕೂರಿಸಿದಳು. ಅಪ್ಪ ಗಿರಾಕಿಗಳೊಡನೆ ನಗುವುದನ್ನು ಕಡಿಮೆ ಮಾಡಿದ.

ಇಂಥ ಹೊತ್ತಿನಲ್ಲೇ ನನಗೆ ಗಂಡು ಗೊತ್ತಾಗಬೇಕೇ?

ನಾನು ವೆರ್ಣಾದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಹುಡುಗ ಮಡ್ಕಯಿಯ ಕಾರ್ಖಾನೆಯಲ್ಲಿ ಸೂಪರ್‌ವೈಜರ್. ಧಾರವಾಡ ಕಡೆಯ ಮಂದಿ, ಫೋಂಡಾದಲ್ಲಿ ಮನೆ. ಹಿರಿಯರ ಒಪ್ಪಿಗೆ ಪಡೆದೇ ಫೋನಿನಲ್ಲಿ ಮಾತಾಡಿದ್ದೆವು. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ನನಗೆ ಅವನು ಬಹಳ ಹಿಡಿಸಿದ್ದ. ಅದಕ್ಕೇ ಹೆದರಿಕೆ. ಈ ಹಿಂದೆ ಬಂದ ಒಂದು ಸಂಬಂಧ ಅತ್ತೆಯ ಒಂದೇ ಪ್ರಶ್ನೆಗೆ ಮುರಿದುಬಿದ್ದಿತ್ತು. ಹುಡುಗನ ತಂದೆಯನ್ನು, ನಿಮ್ಮ ತಲೆಗೂದಲು ನಿಮ್ಮದೇ ಏನ್ರಿ ಎಂದು ಕೇಳಿದ್ದಳು. ಅದು ಅವರದಾಗಿರಲಿಲ್ಲ ಎಂಬುದು ಬೇರೆ ಮಾತು!

ಹೆಣ್ಣು ನೋಡಲು ಬರುವ ದಿನ ಅಡುಗೆಮನೆಯ ಕಿಟಕಿಯಿಂದ ಇಣುಕಿದೆ. ಹುಡುಗ ಆಗಷ್ಟೇ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ! ಬಂದು ಕೂತವನು ನಗಬೇಕೇ? ನಕ್ಕ. ಮೆಲ್ಲಗೆ ಮಾತಾಡಬೇಕೇ? ಮಾತಾಡಿದ. ಕೊಳಲೊಂದು ಇರಲಿಲ್ಲ. ಅತ್ತೆ ಎದುರು ಕುರ್ಚಿಯಲ್ಲಿ ಕೂತು ಅವನನ್ನು ಅಡಿಯಿಂದ ಮುಡಿಯತನಕ ನೋಡಿದಳು.

"ತಮ್ಮಾ, ನಿನಗ ಸಿಟ್ಟ ಬರತೈತೇನಪಾ?"

ಪಾಪ, ಬರುವಾಗ ದಾರಿಯುದ್ದಕ್ಕೂ ತಾಯಿ ಅವನಿಗೆ ಕಂಡಾಪಟ್ಟೆ ಪಾಠ ಮಾಡಿದ್ದಳಂತೆ. ಅವನು ಇನ್ನಷ್ಟು ಮೃದುವಾದ. "ಇಲ್ರಿ ಅತ್ಯಾರ. ನನಗ ಸಿಟ್ಟ ಅನ್ನೂದ ಬರೂದಿಲ್ರಿ."

ಮುಗಿಯಿತು. ಬೇರೆ ಯಾವ ಮನೆಯಲ್ಲಾದರೂ ಆ ಉತ್ತರಕ್ಕೆ ಅಲ್ಲೇ ಸಕ್ಕರೆ ಹಂಚುತ್ತಿದ್ದರು. ನಮ್ಮಲ್ಲಿ ಅಮ್ಮ ತಲೆತಗ್ಗಿಸಿದಳು, ಅಪ್ಪ ಕೆಮ್ಮಿದ. ಅತ್ತೆ ನನ್ನತ್ತ ತಿರುಗಿ ನೋಡಿದ ನೋಟದಲ್ಲಿ ನನ್ನ ಕುಲವೆಲ್ಲ ಸುಟ್ಟು ಬೂದಿಯಾಗಿ ಹೋಗಿತ್ತು.

ಗಂಡಿನ ಕಡೆಯವರು ಮಾತ್ರ ಹೆಣ್ಣು ಒಪ್ಪಿಗೆ ಎಂದು ಹೇಳಿ ಕಳಿಸಿದರು. ನಮ್ಮಲ್ಲಿ ಹೆಣ್ಣು ಒಪ್ಪಿಗೆಯಾದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವ ಪದ್ಧತಿ. ಹೆಸರಿಗೆ ಮನೆ ನೋಡುವುದು. ಆದರೆ ಯಾರೂ ಮನೆ ನೋಡುವುದಿಲ್ಲ. ಪಡಸಾಲೆಯಲ್ಲಿ ಕೂತು ಉಪ್ಪಿಟ್ಟು ತಿಂದು, ಗೋಡೆಯ ಬಣ್ಣ ಚೆನ್ನಾಗಿದೆ ಎಂದು ಹೇಳಿ ಎದ್ದು ಬರುತ್ತಾರೆ. ಅತ್ತೆ ನಿಜವಾಗಿ ನೋಡಿದಳು. ಉಪ್ಪಿಟ್ಟಿನ ತಾಟು ಕೆಳಗಿಟ್ಟವಳು ಎಲ್ಲಿ ಹೋದಳೆಂದು ಹುಡುಕಿದರೆ, ಹಿತ್ತಲಲ್ಲಿ ಪಾತ್ರೆ ತಿಕ್ಕುವವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಆಮೇಲೆ ಒಣಗಲು ಹಾಕಿದ ಬಟ್ಟೆಗಳ ನಡುವೆ ಓಡಾಡಿದಳು. ಔಷಧಿಯ ಡಬ್ಬಿ ನೋಡಿ ಯಾರಿಗೆ ಏನು ಬೇನೆ ಎಂದು ಕೇಳಿದಳು. ಅಪ್ಪನ ಬೆವರಿಗೆ ಫ್ಯಾನಿನ ಗಾಳಿ ಸಾಲದಾಯಿತು. ಹೊರಡುವಾಗ ಹೊಸ್ತಿಲಲ್ಲಿ ನಿಂತು, ಒಂದು ಜೊತೆ ಹೆಂಗಸರ ಹೊಸ ಚಪ್ಪಲಿ ತೋರಿಸಿ, ಇವು ಯಾರವು ಎಂದಳು. ಆ ಮನೆಯವರು ತಮ್ಮವಲ್ಲ ಎಂದರು. ಮನೆಯಲ್ಲಿ ಇನ್ನಾರೋ ಹೆಂಗಸು ಇದ್ದಾಳೆ, ನಮಗೆ ತೋರಿಸಿಲ್ಲ ಎಂದು ಅತ್ತೆ ಪಟ್ಟು ಹಿಡಿದಳು. ಹುಡುಗನ ತಾಯಿ ಅಳುವುದೊಂದು ಬಾಕಿ. ನಾವೆಲ್ಲ ಚಪ್ಪಲಿ ಮೆಟ್ಟಿ ನಿಂತ ಮೇಲೆ ಬರಿಗಾಲಲ್ಲಿ ಉಳಿದವಳು ಅತ್ತೆ ಒಬ್ಬಳೇ. ಹಿಂದಿನ ದಿನವಷ್ಟೇ ಅಮ್ಮ ಈ ಭೇಟಿಗೆಂದೇ ಅವಳಿಗೆ ಕೊಡಿಸಿದ ಚಪ್ಪಲಿಗಳು ಅವು!

ಅಷ್ಟಕ್ಕೆ ನಿಂತಿದ್ದರೆ ಪುಣ್ಯವಾಗುತ್ತಿತ್ತು. ಒಂದು ಶನಿವಾರ ದೇವಸ್ಥಾನಕ್ಕೆ ಹೋಗಿ ಬರುತ್ತೇನೆ ಎಂದು ಅತ್ತೆ ಚೀಲ ಹಿಡಿದು ಹೊರಟಳು. ಬಸ್ಸಿನ ಬ್ರೇಕನ್ನು ಎಂದೂ ನಂಬದವಳು ಮಡಗಾಂವಿಗೆ ಹೋಗಿ, ಅಲ್ಲಿಂದ ಫೋಂಡಾಕ್ಕೆ ಹೋಗಿ, ರಿಕ್ಷಾ ಹಿಡಿದು ಮಡ್ಕಯಿಗೆ ತಲುಪಿದಳು. ಹುಡುಗನ ಕಾರ್ಖಾನೆಯ ಗೇಟಿನೆದುರಿನ ಚಹಾದ ಗಾಡಿಯ ಬಳಿ ಕೂತಳು. ಚಹಾ ಕುಡಿಯಲಿಲ್ಲ, ಬಿಡಿ. ಶಿಫ್ಟ್ ಬಿಟ್ಟ ಹೊತ್ತು. ಹೆಂಗಸರು ಇನ್ನೂ ಹತ್ತುತ್ತಿರುವಾಗಲೇ ಡ್ರೈವರ್ ಕಂಪನಿಯ ಬಸ್ಸನ್ನು ಮುಂದಕ್ಕೆ ಬಿಟ್ಟ. ಒಬ್ಬಳು ಮೆಟ್ಟಿಲು ತಪ್ಪಿ ಬಿದ್ದಳು. ಒಳಗಿನಿಂದ ಓಡಿಬಂದ ನಮ್ಮ ಹುಡುಗ ಬಸ್ಸಿಗೆ ಅಡ್ಡ ನಿಂತು, ಬಾನೆಟ್ಟಿಗೆ ಗುದ್ದಿ, ಮೊದಲು ಹಿಂದಿಯಲ್ಲಿ, ಆಮೇಲೆ ಕೊಂಕಣಿಯಲ್ಲಿ, ಅದೂ ಸಾಲದೆ ಅಪ್ಪಟ ಧಾರವಾಡದ ಕನ್ನಡದಲ್ಲಿ ಆ ಡ್ರೈವರನ ಜನ್ಮ ಜಾಲಾಡಿದ. ಬೈದು ಮುಗಿಸಿ ತಿರುಗಿದರೆ ಎದುರಿಗೆ ಅತ್ತೆ! ಅವಳು ಎದ್ದು ರಿಕ್ಷಾ ಹತ್ತಿದಳು.

ಅವಳು ಮನೆ ಮುಟ್ಟುವ ಮೊದಲೇ ಹುಡುಗನ ತಂದೆಯ ಫೋನು ಬಂತು. ಕಳ್ಳರನ್ನು ಕಾದ ಹಾಗೆ ನಮ್ಮ ಹುಡುಗನನ್ನು ಕಾಯುವುದಾದರೆ ಈ ಸಂಬಂಧ ಯಾಕೆ ಬೇಕು, ವಿಚಾರ ಮಾಡಿ ಹೇಳಿ, ಎಂದು ಇಟ್ಟುಬಿಟ್ಟರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಆ ಮುದುಕಿಯ ಮುಖ ನೋಡಬಾರದು ಎನ್ನಿಸಿತ್ತು.

ಅತ್ತೆ ಬಂದಳು. ಮುಖ ಅರಳಿತ್ತು. "ಹುಡುಗಿ, ಸಿಟ್ಟ ಬರತೈತಿ ಅವಗ. ಭಾಳ ಚಲೋ ಬೈತಾನ," ಎಂದು ನನ್ನ ಕಡೆ ಬಂದಳು. ಅಪ್ಪ ಅಡ್ಡ ನಿಂತ. ನಾನು ಕಂಡಂತೆ ಅಪ್ಪ ಅವಳೆದುರು ದನಿ ಎತ್ತಿದ್ದು ಅಂದೇ ಮೊದಲು.

"ಅಕ್ಕಾ, ಮನಿ ಮರ್ಯಾದಿ ಕಳದಿ ನೀ. ಯಾರರ ಹಿಂಗ ಹೋಗಿ ಗೇಟಿನ ಮುಂದ ಕೂಡತಾರನು?"

ಅತ್ತೆ ಚೀಲ ಕೆಳಗಿಟ್ಟು ನಿಧಾನಕ್ಕೆ ಕೂತಳು. ಸಿಟ್ಟಾಗಲಿಲ್ಲ.

"ನನ್ನ ಲಗ್ನದಾಗ ನಮ್ಮ ಮನಿಯವರು ಭಾಳ ಮರ್ಯಾದಿಲೇ ಇದ್ರಪಾ," ಎಂದಳು. "ಅಪ್ಪ ಮನಿ ನೋಡಾಕ ಹೋಗಿದ್ದ. ಯಾರೂ ಏನೂ ಕೇಳಲಿಲ್ಲ. ಸಾಂಗ್ಲಿಯೊಳಗ ನನ್ನ ಗಂಡಗ ಮೊದಲ ಒಬ್ಬಾಕಿ ಹೆಂಡತಿ ಇದ್ಲು, ಮಕ್ಕಳೂ ಇದ್ದುವು. ಓಣಿ ಮಂದಿಗೆಲ್ಲಾ ಗೊತ್ತಿತ್ತು. ಹಿತ್ತಲದಾಗ ಹೋಗಿ ಒಂದ ಮಾತ ಕೇಳಿದ್ರ ಹೇಳತಿದ್ರು. ನೀನೂ ಹೋಗಿದ್ದಿ ಅಪ್ಪನ ಕೂಡ, ಸಣ್ಣಾಂವ ಇದ್ದಿ. ಬಂದು ನನ್ನ ತೊಡಿ ಮ್ಯಾಲ ಕುಂತು, ಅವರ ಮನ್ಯಾಗ ಶಿರಾ ಭಾಳ ಚಲೋ ಮಾಡಿದ್ರಕ್ಕಾ ಅಂತ ಹೇಳಿದಿ."

ಅತ್ತೆ ಗಂಡನ ಮನೆಯಿಂದ ಯಾಕೆ ತಿರುಗಿ ಬಂದಳೆಂದು ನಮಗೆ ಯಾರೂ ಹೇಳಿರಲಿಲ್ಲ. ಅಲ್ಲಿಯ ನೀರು ಒಗ್ಗಲಿಲ್ಲ ಎಂದಷ್ಟೇ ಕೇಳಿ ಬೆಳೆದಿದ್ದೆವು. ಅಪ್ಪನಿಗೂ ಅಷ್ಟೇ ಗೊತ್ತಿತ್ತೆಂದು ಕಾಣುತ್ತದೆ. ಅವನು ಕಿಟಕಿಯ ಹತ್ತಿರ ಹೋದ. ಆಮೇಲೆ ಫೋನು ತೆಗೆದುಕೊಂಡು ಫೋಂಡಾಕ್ಕೆ ಹಚ್ಚಿದ.

"ಅಕಿ ತಾನಾಗಿ ಬಂದಿದ್ದಲ್ರಿ," ಎಂದ. "ನಾನ ಕಳಿಸಿದ್ದೆ ನಮ್ಮಕ್ಕನ್ನ."

ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಅಪ್ಪ ಹೌದ್ರಿ, ಹೌದ್ರಿ ಎಂದ. ಕೊನೆಗೆ ಮೆಲ್ಲಗೆ ನಕ್ಕ. ಸಂಬಂಧ ಉಳಿಯಿತು ಎಂದು ಆ ನಗುವಿನಿಂದಲೇ ತಿಳಿಯಿತು.

ನಾನು ಹೋಗಿ ಅತ್ತೆಯ ಕಾಲ ಬಳಿ ಕೂತೆ. ದಾರಿಯ ಕೆಂಪು ಧೂಳು ಇನ್ನೂ ಪಾದದ ಮೇಲಿತ್ತು. ಅಷ್ಟು ದೂರ ಅವಳು ಒಬ್ಬಳೇ ಹೋಗಿ ಬಂದಿದ್ದಳು, ನನ್ನ ಸಲುವಾಗಿ. ಕಣ್ಣೀರು ಬಂತು. ಈಗಲಾದರೂ ಅವನ ಮೇಲೆ ಸಂಶಯ ಹೋಯಿತಲ್ಲವೇ ಎಂದು ಕೇಳಿದೆ.

"ಎಲ್ಲಿ ಹೋಗತೈತಿ," ಎಂದು ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟಳು. "ನಾ ಇರೂತನಕಾ ಇರತೈತಿ. ನೀ ಆರಾಮ ಸಂಸಾರ ಮಾಡ."