ಮೊದಲು ಮಜ್ಜಿಗೆ, ಆಮೇಲೆ ಚಾವಿ

ಬಾರಿನಲ್ಲಿ ಇಪ್ಪತ್ತು ವರ್ಷ ನಿಂತವನ ಹತ್ತಿರ ಇಂಥ ಕಥೆಗಳು ತಾವಾಗಿಯೇ ಬಂದು ಕೂರುತ್ತವೆ. ನನ್ನವೆಲ್ಲ ಬೈಕಿನ ಚಾವಿಯವೇ. ಕೇಳಿ ನಗುತ್ತಿದ್ದವಳು ನನ್ನ ಹೆಂಡತಿ. ಈಗ ನಾನೊಬ್ಬನೇ ನಗಬೇಕು.

೧. ಚುಕ್ಕಿ ಸಾಲು

ಮುಂಬೈ ಹತ್ತಿರದ ಕಳ್ವಾ ಊರಿನಲ್ಲಿ ಬಾರು. ಅದರ ಹಿಂದಿನ ಗಲ್ಲಿಯಲ್ಲಿ ನಮ್ಮ ಖೋಲಿ, ಒಂದೇ ಕೋಣೆಯ ಮನೆ. ನಾನು ವೇಟರ್. ನಮ್ಮಲ್ಲಿ ಕುಡಿದು ಬೈಕ್ ಹತ್ತಿದ ಗಿರಾಕಿಯೊಬ್ಬ ಮನೆ ಮುಟ್ಟಲಿಲ್ಲ. ಅವನೆದುರು ಕೊನೆಯ ಗ್ಲಾಸು ಇಟ್ಟವನು ನಾನು. ಎರಡು ದಿನ ಊಟ ಸೇರಲಿಲ್ಲ.

ಹೆಂಡತಿ ಅಂದಳು, "ಹ್ವಾಯ್, ನಾಳಿಂದ ಗ್ಲಾಸ್ ಇಡುಕೆ ಮುಂಚೆ ಚಾವಿ ತಕಣಿ. ನನ್ ಕೈಯಗೆ ಕೊಡಿ. ಬೆಳಿಗ್ಗೆ ನಾ ಕಾಣ್ತೆ."

ಗಿರಾಕಿಗಳು ಬೈದರು. ಆಮೇಲೆ ಒಗ್ಗಿದರು. ಬೈಕ್ ಬಾರಿನ ಹಿಂದೆ, ಅವರು ಲೋಕಲ್ ರೈಲು ಹಿಡಿದು ಮನೆಗೆ. ಬೆಳಿಗ್ಗೆ ಚಾವಿಗೆ ನಮ್ಮ ಬಾಗಿಲಿಗೆ ಬರಬೇಕು. ಬಾಗಿಲಲ್ಲಿ ಅವಳು ರಂಗೋಲಿ ಪುಡಿಯಿಂದ ಅಡ್ಡಕ್ಕೆ ಮೂರು ಸಾಲು ಚುಕ್ಕಿ ಇಟ್ಟಿರುತ್ತಿದ್ದಳು. ಒಂದೂ ಅಳಿಸದೆ ದಾಟಿದರೆ ಚಾವಿ. ಅಳಿಸಿದರೆ ಕೂತು ನೀರುದೋಸೆ ತಿಂದು, ಮಜ್ಜಿಗೆ ಕುಡಿದು, ಮತ್ತೆ ದಾಟಬೇಕು.

ಬೈಂದೂರು ಕಡೆಯ ಒಬ್ಬ ಫಿಟ್ಟರ್ ಚುಕ್ಕಿ ಮೆಟ್ಟಿದ. "ತಂಗಿ, ಅಮಲ್ ಇಳ್ದಿತ್. ಮಂಡಿ ನೋವ್. ಕಾಲ್ ಏಳುದಿಲ್ಲ."

"ಕಾಲ್ ಏಳದಿದ್ದವ್ರೂ ಗಾಡಿ ಬಿಡುಕಾಗ. ಕೂಕಣಿ" ಅಂದಳು.

೨. ಗ್ಯಾರೇಜು

ಒಬ್ಬರು ಗುಮಾಸ್ತರು. ಬಿಜಾಪುರ ಕಡೆಯವರು. ಕೆಲಸ ಥಾಣೆಯಲ್ಲಿ, ಮನೆ ಕಲ್ಯಾಣದಲ್ಲಿ. ವಾರಕ್ಕೆ ಮೂರು ಸಲ ಚಾವಿ ಬಿಟ್ಟು ಹೋಗುವುದು. ಮನೆಯಲ್ಲಿ "ಸ್ಕೂಟರ್ ಗ್ಯಾರೇಜಿನಾಗ ಐತಿ" ಅನ್ನುವುದು. ಬೆಳಿಗ್ಗೆ ಬಂದು ದೋಸೆಯ ಆಸೆಗೆ ಬೇಕೆಂದೇ ಚುಕ್ಕಿ ಮೆಟ್ಟುವುದು. ಇವಳಿಗೂ ಗೊತ್ತು. ಹಿಟ್ಟು ಜಾಸ್ತಿ ಅರೆಯುತ್ತಿದ್ದಳು.

ಒಂದು ಬೆಳಿಗ್ಗೆ ಅವರ ಹೆಂಡತಿ ಹಿಂದೆಯೇ ಬಂದುಬಿಟ್ಟರು. ಗಂಡ ದೋಸೆ ಮುಂದೆ ಕೂತಿದ್ದಾರೆ.

"ಗ್ಯಾರೇಜ್ ಎಲ್ಲೈತ್ರಿ?"

ಇವಳು ಕಾವಲಿಯಿಂದ ಕಣ್ಣೆತ್ತಲಿಲ್ಲ. "ಇದೇ ಗ್ಯಾರೇಜು. ಗಾಡಿ ಸರಿ ಉಂಟು. ರಿಪೇರಿ ಇವರದ್ದು."

ಆ ಹೆಂಗಸು ಸಿಟ್ಟಿನಲ್ಲಿ ಬಂದವರು ನಗುತ್ತಾ ಕೂತರು. ಹೋಗುವಾಗ ಚುಕ್ಕಿ ಸಾಲು ಎಷ್ಟಗಲ ಅಂತ ಗೇಣು ಹಾಕಿ ಅಳೆದುಕೊಂಡು ಹೋದರು.

೩. ಫೋನಿನ ಕಾರು

ಆಮೇಲೆ ಫೋನಿನಲ್ಲಿ ಕಾರು ಕರೆಸುವ ಕಾಲ ಬಂತು. ಒಳ್ಳೆಯದೇ. ಕುಡಿದವರು ಹಿಂದಿನ ಸೀಟಿನಲ್ಲಿ ಮಲಗಿ ಹೋಗುತ್ತಿದ್ದರು. ಮಾಲೀಕರು, "ಇನ್ನು ಚಾವಿ ಕೇಳಬೇಡ, ಗಿರಾಕಿಗೆ ಅವಮಾನ" ಅಂದರು. ನಮ್ಮ ಬಾಗಿಲಿಗೆ ಬರುವವರೇ ಇಲ್ಲದಾದರು. ಹೆಂಡತಿ ಚುಕ್ಕಿ ಇಡುವುದು ಬಿಡಲಿಲ್ಲ.

ತುರ್ಭೆಯ ಒಬ್ಬ ಟೆಂಪೋದವ ನನ್ನೆದುರೇ ಕಾರು ಬುಕ್ ಮಾಡಿದ. ಕಾರು ಬಂತು. ನಾನು ನಿಶ್ಚಿಂತೆಯಿಂದ ಒಳಗೆ ಹೋದೆ. ಮರುದಿನ ಕೇಳಿದೆ, "ಸರಿಯಾಗಿ ಮುಟ್ಟಿದಿರಾ?"

"ಮಸ್ತ್, ಅಣ್ಣಾ! ಸಾವಕಾಶ ಹೋಗು ಅಂತ ಡ್ರೈವರಿಗೆ ಹೇಳಿದೆ. ನಾನು ಬೈಕಲ್ಲಿ ಅವನ ಹಿಂದೆ ಹಿಂದೆ. ಕುಡಿದರೆ ನನಗೆ ದಾರಿ ತಪ್ಪುತ್ತೆ ನೋಡು."

ಹೆಂಡತಿಗೆ ಹೇಳಿದೆ. ಕೆಮ್ಮು ಬರುವಷ್ಟು ನಕ್ಕಳು. ಆಮೇಲೆ ಅಂದಳು, "ಕಾರ್ ಬಂದ್ರೆ ಸಾಕಾತ್ತಾ? ಚಾವಿ ತೆಗಿಯುಕೆ ಒಂದ್ ಜನ ಬೇಕಲ್ದಾ."

ಮಾಲೀಕರಿಗೆ ಹೇಳದೆ ಮತ್ತೆ ಚಾವಿ ಕೇಳಲು ಶುರು ಮಾಡಿದೆ. ಕಾರೂ ಇರಲಿ, ಚಾವಿಯೂ ಇರಲಿ.

ಅವಳ ಆ ಕೆಮ್ಮು ನಿಲ್ಲಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಹೋದಳು.

೪. ನನ್ನ ಚಾವಿ

ಖೋಲಿ ಬಿಟ್ಟೆ. ಚುಕ್ಕಿ ಇಲ್ಲದ ಬಾಗಿಲು ದಾಟಲು ಕಾಲು ಬರುತ್ತಿರಲಿಲ್ಲ. ಡೊಂಬಿವಲಿಯಲ್ಲಿ ರೂಮು ಮಾಡಿದೆ. ಹಳೆ ಸ್ಕೂಟರಿನಲ್ಲಿ ಕೆಲಸಕ್ಕೆ ಬರುತ್ತಿದ್ದೆ.

ಅವಳು ಹೋಗಿ ವರ್ಷ ತುಂಬಿದ ದಿನ ರಜೆ ಹಾಕಿದೆ. ನಮ್ಮ ಬಾರಿನಲ್ಲೇ ಗಿರಾಕಿಯ ಹಾಗೆ ಕೂತೆ. ಜೀವಮಾನದಲ್ಲಿ ಮೊದಲ ಸಲ ಕುಡಿದೆ. ಪಕ್ಕದ ಮೇಜಿನಲ್ಲಿ ಆ ಗುಮಾಸ್ತರು ಬರೀ ಸೋಡಾ ಇಟ್ಟುಕೊಂಡು ಕೂತಿದ್ದರು. ಅವರ ರಿಪೇರಿ ಮುಗಿದಿತ್ತು. ಎದ್ದು ಬಂದು ನನ್ನ ಜೇಬಿನಿಂದ ಚಾವಿ ತೆಗೆದರು.

"ರೂಲ್ ಅಂದ್ರ ರೂಲ್ರಿ, ಅಣ್ಣಾರ." ಫೋನಿನಲ್ಲಿ ಕಾರು ಕರೆಸಿ, ನನ್ನನ್ನು ಕೂರಿಸಿ ಕಳಿಸಿದರು.

ಬೆಳಿಗ್ಗೆ ಚಾವಿಗೆ ಕಲ್ಯಾಣಕ್ಕೆ ಹೋದೆ. ಅವರ ಬಾಗಿಲಲ್ಲಿ ಅಡ್ಡಕ್ಕೆ ಮೂರು ಸಾಲು ಚುಕ್ಕಿ. ಅದೇ ಅಗಲ. ಅವರ ಹೆಂಡತಿ ಚಾವಿ ಹಿಡಿದು ಒಳಗೆ ನಿಂತಿದ್ದಾರೆ.

"ದಾಟ್ರಿ."

ಕಾಲೆತ್ತಿದೆ. ಚುಕ್ಕಿಗಳೆಲ್ಲ ಒಂದರೊಳಗೊಂದು ಸೇರಿಕೊಂಡ ಹಾಗೆ ಕಂಡವು. ನಡುವೆಯೇ ಮೆಟ್ಟಿದೆ.

"ಅಮಲಲ್ಲಮ್ಮಾ. ಕಣ್ಣು ಮಂಜಾಗಿದೆ."

"ಕಣ್ಣು ಮಂಜಾದವ್ರೂ ಗಾಡಿ ಹೊಡಿಬಾರ್ದ್ರಿ. ಕುಂದರ್ರಿ."

ರೊಟ್ಟಿ ಕೊಟ್ಟರು. ಮಜ್ಜಿಗೆ ಕೊಟ್ಟರು. ಉಪ್ಪು ಅವಳು ಹಾಕುತ್ತಿದ್ದಷ್ಟೇ. ಪೂರಾ ಕುಡಿದೆ. ಅವರು ಹೊಸದಾಗಿ ಚುಕ್ಕಿ ಇಟ್ಟರು.

ಈಗ ಕಣ್ಣು ಚೊಕ್ಕ ಕಾಣುತ್ತಿತ್ತು. ಒಂದೊಂದು ಚುಕ್ಕಿಯೂ ಬೇರೆ ಬೇರೆ. ಸರಿಯಾಗಿ ನೋಡಿಯೇ ಮೆಟ್ಟಿದೆ.

ಒಳಗಿನಿಂದ ಗುಮಾಸ್ತರು ಕೂಗಿದರು, "ಏ, ಇನ್ನೆರಡು ರೊಟ್ಟಿ ತಟ್ಟ! ಅಣ್ಣಾರು ನನ್ನಂಗ ಮೆಟ್ಟಾಕ ಕಲಿತಾರ!"