ಬೊಂಬೆಗಳ ಕೆಳಗಿನ ಮೋಟಾರ್ ಸೈಕಲ್

ನಮ್ಮ ಭಾವನ ಮೋಟಾರ್ ಸೈಕಲ್ಲನ್ನು ಕದಿಯಬಲ್ಲ ಕಳ್ಳ ಇನ್ನೂ ಹುಟ್ಟಿಲ್ಲ. ಇದು ಭಾವನೇ ಎದೆಯುಬ್ಬಿಸಿ ಹೇಳುತ್ತಿದ್ದ ಮಾತು. "ಅದರ ಮೇಲೆ ಕೂರೋ ಹೆಂಡತೀನೂ ಹುಟ್ಟಿಲ್ಲ" ಎಂದು ಅಡುಗೆಮನೆಯಿಂದ ಅಕ್ಕ ಸೇರಿಸುತ್ತಿದ್ದಳು. ನಡುಮನೆಯಲ್ಲಿ ಕೂತು ಶಾಲೆಯ ಮಕ್ಕಳ ಪ್ರಬಂಧ ತಿದ್ದುತ್ತಿದ್ದ ನಾನು ಇಬ್ಬರ ಮಾತಿಗೂ ತಲೆಯಾಡಿಸುತ್ತಿದ್ದೆ. ಎರಡೂ ನಿಜವಾಗಿದ್ದರೆ ನಾನಾದರೂ ಏನು ಮಾಡಲಿ?

ಆಗ ನಾನು ಬೆಂಗಳೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ಶಾಲೆಗೆ ಹತ್ತಿರವೆಂದು ಚಾಮರಾಜಪೇಟೆಯ ಅಕ್ಕನ ಮನೆಯಲ್ಲೇ ಇದ್ದೆ. ಅಮ್ಮ ಮಲ್ಲೇಶ್ವರದಲ್ಲಿ ಅಣ್ಣನ ಜೊತೆ ಇದ್ದಳು. ಭಾವ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಕಚೇರಿಯಲ್ಲಿ ಬಹಳ ಬುದ್ಧಿವಂತರೆಂದು ಹೆಸರು. ಆ ಬುದ್ಧಿಯನ್ನೆಲ್ಲ ಅಲ್ಲೇ ಬೀರುವಿನಲ್ಲಿಟ್ಟು ಮನೆಗೆ ಬರುತ್ತಿದ್ದರೆಂದು ಕಾಣುತ್ತದೆ. ಹೀಗೆಲ್ಲ ಬರೆಯಬಹುದೇ ಎಂದು ಹುಬ್ಬೇರಿಸಬೇಡಿ. ಭಾವನನ್ನು ಗೇಲಿ ಮಾಡುವುದು ನಾದಿನಿಯ ಹುಟ್ಟುಹಕ್ಕು. ಅದನ್ನು ನಾನು ಒಂದು ದಿನವೂ ಬಿಟ್ಟುಕೊಟ್ಟವಳಲ್ಲ.

ಎರಡನೇ ಮಹಾಯುದ್ಧ ಮುಗಿದಿತ್ತು. ದಂಡು ಪ್ರದೇಶದ ಕಡೆ ಮಿಲಿಟರಿಯವರು ತಮಗೆ ಬೇಡವಾದ ಬೂಟು, ಡೇರೆ, ನೀರಿನ ಬಾಟಲಿ, ಕಂಬಳಿಗಳನ್ನು ಹರಾಜು ಹಾಕುತ್ತಿದ್ದರು. ಮಿಲಿಟರಿ ಕಂಬಳಿ ಹೊದ್ದರೆ ಚಳಿ ಹತ್ತಿರ ಸುಳಿಯುವುದಿಲ್ಲವೆಂದು ಊರೆಲ್ಲ ಸುದ್ದಿ. ಅಕ್ಕನೂ ಎರಡು ತನ್ನಿರೆಂದು ಭಾವನನ್ನು ಕಳಿಸಿದಳು. ಸಂಜೆ ಭಾವ ಹಸಿರು ಬಣ್ಣದ, ಕೋಣದ ಮೈಕಟ್ಟಿನ ಒಂದು ಮೋಟಾರ್ ಸೈಕಲ್ಲನ್ನು ಬೆವರು ಸುರಿಸುತ್ತ ತಳ್ಳಿಕೊಂಡು ಬಂದರು.

"ಕಂಬಳಿ ಎಲ್ರೀ?" ಎಂದಳು ಅಕ್ಕ.

"ಖಾಲಿ ಆಗೋಗಿತ್ತು ಕಣೆ. ಇದೊಂದೇ ಉಳಿದಿತ್ತು."

ಅಷ್ಟು ದೂರ ತಳ್ಳಿಕೊಂಡೇ ಬಂದದ್ದೇಕೆ? ಓಡಿಸಲು ಬರುತ್ತಿರಲಿಲ್ಲ, ಅದಕ್ಕೆ! ಆಮೇಲೆ ಒಬ್ಬ ಮೆಕ್ಯಾನಿಕ್ಕನ ಕಾಲು ಹಿಡಿದು ಕೋಟೆ ಮೈದಾನದಲ್ಲಿ ಕಲಿತರು. ಭಾನುವಾರ ಬೆಳಿಗ್ಗೆ ಒಬ್ಬರೇ ಅದನ್ನೇರಿ ಗುಡುಗುಡು ಎಂದು ಒಂದು ಸುತ್ತು ಹೋಗಿಬರುತ್ತಿದ್ದರು. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ಅಕ್ಕನ ಮುಖ ಆ ದಿನವೆಲ್ಲ ಬೆಳಗುತ್ತಿತ್ತು.

ಅಕ್ಕನಿಗೆ ಇದ್ದದ್ದು ಒಂದೇ ಆಸೆ. ಗಂಡನ ಹಿಂದೆ ಕೂತು ಮಲ್ಲೇಶ್ವರದ ಸಂಪಿಗೆ ರಸ್ತೆಯ ಮೇಲೆ ಹೋಗಬೇಕು. ಅಮ್ಮ ಬಾಗಿಲಲ್ಲಿ ನಿಂತು ತನ್ನನ್ನು ನೋಡಬೇಕು. ಇಷ್ಟೇ. ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಅಮ್ಮನಿಗೂ ಸುದ್ದಿ ಮುಟ್ಟಿಸಿದ್ದಳು. ಅಮ್ಮ ಪ್ರತಿ ಭಾನುವಾರ ಜಗುಲಿಯ ಮೇಲೆ ಕೂತು ಕಿವಿ ನಿಮಿರಿಸಿಕೊಂಡು ಕಾಯುತ್ತಿದ್ದಳು. ಭಾವನೂ "ಬರೋ ಭಾನುವಾರ ಖಂಡಿತ" ಎಂದಿದ್ದರು.

ಆ ವಾರವೇ ಎದುರುಮನೆಯ ಹಿತ್ತಲಿನಿಂದ ಒಂದು ತಾಮ್ರದ ಹಂಡೆ ಕಳುವಾಯಿತು. ಭಾವ ಅದನ್ನು ಕೇಳಿದ್ದೇ ತಡ, ಪೇಟೆಗೆ ಹೋಗಿ ಆನೆ ಕಟ್ಟುವಂಥ ಒಂದು ಸರಪಳಿ ತಂದರು.

"ಹೋಗಿದ್ದು ಹಂಡೆ, ಭಾವ. ನಿಮ್ಮ ಗಾಡಿ ಅಲ್ಲ" ಎಂದೆ.

"ನಿನಗೆ ತಿಳಿಯೋದಿಲ್ಲ ಸುಮ್ಮನಿರು. ಇವತ್ತು ಹಂಡೆ, ನಾಳೆ ಮೋಟಾರ್ ಸೈಕಲ್. ಕಳ್ಳರಿಗೂ ಬಡ್ತಿ ಅಂತ ಇರುತ್ತೆ."

ಗುಮಾಸ್ತೆಯಲ್ಲವೇ, ಕಳ್ಳತನಕ್ಕೂ ಸರ್ವಿಸ್ ರೂಲ್ಸ್ ಇರುತ್ತವೆಂದು ನಂಬಿದ್ದರು. ಸರಪಳಿಯನ್ನು ಚಕ್ರದೊಳಗೆ ತೂರಿಸಿ ಕಿಟಕಿಯ ಸರಳಿಗೆ ಬಿಗಿದು ಒಂದು ಬೀಗ ಜಡಿದರು. ಆ ಬೀಗ ಒಡೆದರೆ? ಇನ್ನೊಂದು. ಅದೂ ಹೋದರೆ? ಮತ್ತೊಂದು. ಬೀಗದಕೈಗಳನ್ನೆಲ್ಲ ಒಂದೇ ಕಡೆ ಇಡುವುದು ದಡ್ಡತನವೆಂದು ಒಂದನ್ನು ದೇವರ ಪಟದ ಹಿಂದೆ, ಒಂದನ್ನು ನನ್ನ ಹಾರ್ಮೋನಿಯಂ ಪೆಟ್ಟಿಗೆಯಲ್ಲಿ, ಇನ್ನೊಂದನ್ನು ಎಲ್ಲಿ ಇಟ್ಟರೋ ಅವರಿಗೇ ತಿಳಿಯದಂಥ ಜಾಗದಲ್ಲಿ ಬಚ್ಚಿಟ್ಟರು. ಭಾನುವಾರ ಬಂತು. ಅಕ್ಕ ಹೂ ಮುಡಿದು ಸಿದ್ಧಳಾದಳು. ಭಾವ ಬೀಗದಕೈ ಹುಡುಕಲು ಶುರುಮಾಡಿದರು. ಹುಡುಕಿ ಹುಡುಕಿ ಮಧ್ಯಾಹ್ನವಾಯಿತು, ಅಕ್ಕನ ಹೂ ಬಾಡಿತು, ಊಟಕ್ಕೆ ಹೊತ್ತಾಯಿತು. ಆ ದಿನ ಊಟಕ್ಕೆ ಬಂದಿದ್ದ ಭಾವನ ಮೇಲಧಿಕಾರಿಗಳ ಎಲೆಗೆ ಅಕ್ಕ ಹುಳಿ ಬಡಿಸಿದಾಗ ನುಗ್ಗೇಕಾಯಿಯ ಹಿಂದೆಯೇ ಬೀಗದಕೈಯೂ ಬಂದು ಕೂತಿತು. ಹುಣಸೆಹಣ್ಣಿನ ಜಾಡಿಯಲ್ಲಿ ಬಚ್ಚಿಟ್ಟಿದ್ದರು, ಪುಣ್ಯಾತ್ಮರು. ಅಕ್ಕ ನಾಚಿಕೆಯಿಂದ ನೆಲ ನೋಡುತ್ತಿದ್ದರೆ ಭಾವ ಮಾತ್ರ ಹಿಗ್ಗಿನಿಂದ, "ನೋಡಿದಿರಾ ಸಾರ್, ನಮಗೇ ಸಿಕ್ಕಿಲ್ಲ ಅಂದ್ಮೇಲೆ ಕಳ್ಳನಿಗೆ ಸಿಗುತ್ತಾ?" ಎಂದರು.

ಇಷ್ಟಕ್ಕೇ ಮುಗಿಯಿತೆಂದುಕೊಂಡಿರಾ? ಬೀಗ ಒಡೆಯುವಾಗ ಸದ್ದಾಗಬೇಕೆಂದು ಮೋಟಾರ್ ಸೈಕಲ್ ಸುತ್ತ ದಾರ ಎಳೆದು, ಅದಕ್ಕೆ ಮನೆಯ ಹಿತ್ತಾಳೆ ಚೊಂಬು, ಜಾಗಟೆ, ಹಳೆಯ ಗೆಜ್ಜೆ ಎಲ್ಲವನ್ನೂ ತೂಗುಹಾಕಿದರು. ಅದರಲ್ಲಿ ಸಿಕ್ಕಿಬಿದ್ದದ್ದು ಬೆಳಿಗ್ಗೆ ಹಾಲು ಕರೆದುಕೊಡಲು ಹಾಲಿನವನು ಬಾಗಿಲಿಗೆ ಹೊಡೆದುಕೊಂಡು ಬಂದ ಹಸು. ಕೊಂಬಿಗೆ ದಾರ ಸುತ್ತಿಕೊಂಡು, ಹಿಂದೆ ಚೊಂಬುಗಳ ಮೆರವಣಿಗೆ ಕಟ್ಟಿಕೊಂಡು, ಆ ಹಸು ಚಾಮರಾಜಪೇಟೆಯ ಎಲ್ಲ ಬೀದಿಗಳನ್ನೂ ಪ್ರದಕ್ಷಿಣೆ ಹಾಕಿ ಬಂತು. ಅದರ ಹಿಂದೆ ಹಾಲಿನವನು, ಹಾಲಿನವನ ಹಿಂದೆ ಭಾವ, ಒದ್ದೆ ಪಂಚೆಯಲ್ಲಿ.

"ಸ್ವಾಮಿ, ನಿಮ್ ಗಾಡಿ ಯಾರೂ ಕದಿಯಾಕಿಲ್ಲ" ಎಂದ ಹಾಲಿನವನು ಏದುಸಿರು ಬಿಡುತ್ತ. "ನನ್ ಹಸೂನ್ ಹಾಲು ಮಾತ್ರ ನೀವು ಕದ್ಬಿಟ್ರಿ. ಬೆದರಿ ಬತ್ತಿಸ್ಕೊಂಡೈತೆ."

ನಾವು ಕೆಲವು ದಿನ ಬೆಲ್ಲದ ಕಷಾಯ ಕುಡಿದೆವು. ಇನ್ನು ತಮಾಷೆ ಕೇಳಿ. ಭಾವ ಕಚೇರಿಗೆ ಹೋಗುತ್ತಿದ್ದುದು ಹಳೆಯ ಬೈಸಿಕಲ್ಲಿನ ಮೇಲೆ. ಅದನ್ನು ಕಚೇರಿಯ ಹೊರಗೆ ಗೋಡೆಗೊರಗಿಸಿ, ಬೀಗವಿಲ್ಲದೆ, ದಿನವಿಡೀ ಬಿಟ್ಟಿರುತ್ತಿದ್ದರು. ಯಾವ ಕಳ್ಳನೂ ಅದನ್ನು ಕಣ್ಣೆತ್ತಿ ನೋಡಲಿಲ್ಲ. "ಊಟಕ್ಕಿಲ್ಲದ ಉಪ್ಪಿನಕಾಯಿ ಇದ್ದರೆಷ್ಟು, ಹೋದರೆಷ್ಟು?" ಎಂದು ಅಕ್ಕ ಮೋಟಾರ್ ಸೈಕಲ್ಲಿನ ಕಡೆ ನೋಡಿ ಗೊಣಗುತ್ತಿದ್ದಳು.

ಕೊನೆಗೆ ಹೊರಗಿದ್ದರೆ ತಾನೇ ಭಯ ಎಂದು ಭಾವ ಅದನ್ನು ಮನೆಯೊಳಕ್ಕೇ ತಂದರು. ಮೆಟ್ಟಿಲ ಮೇಲೆ ಹಲಗೆ ಹಾಸಿ ಅಕ್ಕಪಕ್ಕದವರೆಲ್ಲ ಸೇರಿ ತಳ್ಳಿದರು. ಹೊಸ ಸೊಸೆಯಂತೆ ಹೊಸಿಲು ದಾಟಿ ಬಂದ ಮೋಟಾರ್ ಸೈಕಲ್ ನಡುಮನೆಯ ಮಧ್ಯದಲ್ಲಿ ಸ್ಥಾಪನೆಯಾಯಿತು. ನಾವೆಲ್ಲ ಗೋಡೆ ಸವರಿಕೊಂಡು ಓಡಾಡತೊಡಗಿದೆವು. ಬಂದವರು ಅದರ ಹ್ಯಾಂಡಲ್ಲಿಗೆ ಟೋಪಿ, ಕೊಡೆ ನೇತುಹಾಕುತ್ತಿದ್ದರು. ನಾನು ಸೀಟಿನ ಮೇಲೆ ಪುಸ್ತಕ ಇಟ್ಟುಕೊಂಡು ಪ್ರಬಂಧ ತಿದ್ದುತ್ತಿದ್ದೆ. ಬಹಳ ಅನುಕೂಲವಾಗಿತ್ತು, ಸುಳ್ಳೇಕೆ ಹೇಳಲಿ?

ಅಷ್ಟರಲ್ಲಿ ನವರಾತ್ರಿ ಬಂತು. ಅಕ್ಕ ಪ್ರತಿ ವರ್ಷ ನಡುಮನೆಯಲ್ಲಿ ಮೆಟ್ಟಿಲು ಕಟ್ಟಿ ಬೊಂಬೆ ಕೂರಿಸುತ್ತಿದ್ದಳು. ಈಗ ಬೊಂಬೆಗೆ ಜಾಗವೆಲ್ಲಿ? ಈ ಸಲವಾದರೂ ಗಾಡಿ ಹೊರಗೆ ಹೋಗುತ್ತದೆ, ಹೋದದ್ದು ಹಾಗೇ ಮಲ್ಲೇಶ್ವರದ ಕಡೆ ತಿರುಗುತ್ತದೆ ಎಂದು ಅಕ್ಕ ಒಳಗೊಳಗೇ ಹಿಗ್ಗಿದಳು. ಭಾವ ಮಾತ್ರ ಟ್ರಂಕು, ಹಲಗೆ ತಂದು ಮೋಟಾರ್ ಸೈಕಲ್ಲನ್ನೇ ನಡುಗಂಬ ಮಾಡಿ ಅದರ ಮೇಲೆ ಮೆಟ್ಟಿಲು ಕಟ್ಟಿದರು. ಬಿಳಿ ಪಂಚೆ ಹೊದಿಸಿದರು. ತುತ್ತತುದಿಯಲ್ಲಿ ಪಟ್ಟದ ಬೊಂಬೆಗಳು, ಕೆಳಗೆ ಶೆಟ್ಟಿ ದಂಪತಿ, ಮಣ್ಣಿನ ಹಣ್ಣು ತರಕಾರಿ, ಇನ್ನೂ ಕೆಳಗೆ ಹೊಟ್ಟೆಯೊಳಗೆ ಒಂದು ಮಿಲಿಟರಿ ವಾಹನ.

"ಇನ್ನು ಸಾಕ್ಷಾತ್ ದೇವಿಯೇ ಕಾಯ್ತಾಳೆ" ಎಂದು ಭಾವ ಕೈಮುಗಿದರು.

ಆರತಿಗೆ ಬಂದ ಹೆಂಗಸರು ಮೂಗು ಮುಚ್ಚಿಕೊಂಡು ಹಾಡಿದರು. "ಏನೋ ಪೆಟ್ರೋಲ್ ವಾಸನೆ ಬರ್ತಿದೆಯಲ್ರೀ?" ಎಂದು ಪಕ್ಕದ ಮನೆಯಾಕೆ ಕೇಳಿದರೆ ಭಾವ ಒಳಗಿನಿಂದಲೇ, "ಬೊಂಬೆಗೆ ಹೊಸ ಬಣ್ಣ ಹಚ್ಚಿದೀವಮ್ಮ" ಎಂದುಬಿಟ್ಟರು. ಆಯುಧಪೂಜೆಯ ದಿನ ಊರಿನ ಗಾಡಿಗಳೆಲ್ಲ ಹೂವಿನಲ್ಲಿ ಮುಳುಗಿದ್ದರೆ ಭಾವ ಪಂಚೆಯ ಕೆಳಗೆ ಕೈ ತೂರಿಸಿ ಅಂದಾಜಿನಲ್ಲಿ ಕುಂಕುಮ ಇಟ್ಟರು. ಆಮೇಲೆ ನೋಡಿದರೆ ಪೂಜೆ ಸಂದದ್ದು ನನ್ನ ಟ್ರಂಕಿಗೆ!

ವಿಜಯದಶಮಿಯ ದಿನ ಪಟ್ಟದ ಬೊಂಬೆಗಳನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಎತ್ತಿಡುವುದು ಪದ್ಧತಿ. ಭಾವ ಬಿಡಲಿಲ್ಲ. "ಪಾಪ, ವರ್ಷಕ್ಕೊಂದು ಸಲ ಹೊರಗೆ ಬರ್ತಾವೆ, ಇರಲಿ ಬಿಡು" ಎಂದರು. ದೀಪಾವಳಿ ಬಂತು, ಹೋಯಿತು. ನಮ್ಮ ಮನೆಯಲ್ಲಿ ಇನ್ನೂ ದಸರಾ. ಬೀದಿಯವರು ಕೇಳಿದರೆ ಅಕ್ಕ ಏನು ಹೇಳಿಯಾಳು? ಅವಳು ಯಾರೊಡನೆಯೂ ಹೆಚ್ಚು ಮಾತಾಡುವುದನ್ನೇ ಬಿಟ್ಟಳು.

ಆಗಲೇ ಅಣ್ಣನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಅಮ್ಮನೂ ಅವರ ಜೊತೆ ಹೊರಟಳು. ಭಾನುವಾರ ಸಂಜೆಯ ರೈಲು. ಅಮ್ಮ ಮಲ್ಲೇಶ್ವರದ ಮನೆಯ ಬಾಗಿಲಲ್ಲಿ ನಿಲ್ಲುವುದು ಅದೇ ಕೊನೆಯ ಭಾನುವಾರ. ಭಾವ ಜಟಕಾಗೆ ಹೇಳಿದ್ದೇನೆಂದರು. ಬೆಳಿಗ್ಗೆ ಭಾವ ಸ್ನಾನಕ್ಕೆ ಹೋದಾಗ ಅಕ್ಕ ಒಂದೊಂದೇ ಬೊಂಬೆ ಇಳಿಸಿ, ಹಳೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. ನಾನೂ ಕೈಜೋಡಿಸಿದೆ. ಹಲಗೆ ತೆಗೆದೆವು, ಪಂಚೆ ಸರಿಸಿದೆವು. ಅಕ್ಕ ಮದುವೆಯ ಧರ್ಮಾವರದ ಸೀರೆ ಉಟ್ಟು, ಅಮ್ಮನಿಗೆಂದು ಮಾಡಿದ್ದ ತಿಂಡಿಯ ಕ್ಯಾರಿಯರ್ ಮಡಿಲಲ್ಲಿಟ್ಟುಕೊಂಡು, ನಡುಮನೆಯಲ್ಲಿ ನಿಂತಿದ್ದ ಆ ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಹತ್ತಿ ಕೂತಳು.

ಭಾವ ತಲೆ ಒರೆಸಿಕೊಳ್ಳುತ್ತ ಬಂದು ಅಲ್ಲೇ ನಿಂತುಬಿಟ್ಟರು.

"ನಾನು ಕೂತಿದೀನಿ" ಎಂದಳು ಅಕ್ಕ. "ನಿಮಗೆ ಯಾವಾಗ ಅನುಕೂಲವೋ ಆವಾಗ ಬನ್ನಿ."

ಭಾವ ಕಳ್ಳರ ವಿಷಯ ಎತ್ತಲಿಲ್ಲ. ಇಳಿಸಿಟ್ಟಿದ್ದ ಹಲಗೆಯ ಮೇಲೆ ಕುಸಿದು ಕೂತರು. ಮೆಲ್ಲಗೆ ಹೇಳಿದರು:

"ನಿನ್ನ ಕೂರಿಸ್ಕೊಳ್ಳೋಕೆ ಮುಂಚೆ ಒಂದ್ಸಲ ನೋಡ್ಬಿಡೋಣ ಅಂತ ತರಗುಪೇಟೆಯಿಂದ ಒಂದು ಉಪ್ಪಿನ ಮೂಟೆ ಕಟ್ಕೊಂಡು ಹೋಗಿದ್ದೆ. ನಿನ್ನಷ್ಟೇ ತೂಕದ್ದು."

"ನನ್ನ ತೂಕ ನಿಮಗೇನು ಗೊತ್ತು?"

"ಅಂದಾಜು. ತಿರುವಿನಲ್ಲಿ ಮೂಟೆ ಜಾರಿ ಬಿದ್ದು ಒಡೆದುಹೋಯ್ತು. ಉಪ್ಪು ರಸ್ತೆ ತುಂಬಾ ಚೆಲ್ಲಿಹೋಯ್ತು. ನಾನು ತಿರುಗಿ ನೋಡಿದೆ. ಬಿದ್ದಿರೋದು ನೀನೇ ಅನ್ನಿಸಿಬಿಡ್ತು ಕಣೆ. ನೀನು ಅಷ್ಟು ಆಸೆಯಿಂದ ಕೇಳ್ತಿದ್ದೆ, ಆಗೋದಿಲ್ಲ ಅನ್ನೋಕೆ ನಂಗೆ ಬಾಯಿ ಬರಲಿಲ್ಲ. ಅದಕ್ಕೇ ಬೀಗ ಹಾಕ್ದೆ."

"ಹಾಗಾದರೆ ಕಳ್ಳ?" ಎಂದೆ ನಾನು, ತಡೆಯಲಾರದೆ.

"ಬಂದು ತಗೊಂಡು ಹೋಗ್ಬಿಡಬಾರದೇ ಅಂತ ಎಷ್ಟು ಸಲ ಅಂದ್ಕೊಂಡಿದೀನೋ."

ನನಗೆ ನಗು ಬರಬೇಕಾಗಿತ್ತು. ಬರಲಿಲ್ಲ. ಅಕ್ಕ ತಿಂಡಿಯ ಕ್ಯಾರಿಯರನ್ನು ನನ್ನ ಕೈಗೆ ಕೊಟ್ಟಳು.

"ಇದನ್ನ ನೀನು ಬಸ್ಸಲ್ಲಿ ತಗೊಂಡು ಬಾ. ನಂಗೆ ಕೈ ಖಾಲಿ ಇರಬೇಕು" ಎಂದಳು. ಭಾವನ ಕಡೆ ತಿರುಗಿ, "ಉಪ್ಪಿನ ಮೂಟೆಗೆ ಕೈ ಇರಲಿಲ್ಲ, ನನಗಿದೆ. ಗಟ್ಟಿಯಾಗಿ ಹಿಡ್ಕೋತೀನಿ. ಏಳಿ, ಅಂಗಿ ಹಾಕ್ಕೊಂಡು ಬನ್ನಿ" ಎಂದಳು.

ಅಕ್ಕಪಕ್ಕದವರು ಮತ್ತೆ ಮೆಟ್ಟಿಲ ಮೇಲೆ ಹಲಗೆ ಹಾಸಿ ಗಾಡಿಯನ್ನು ಬೀದಿಗೆ ಇಳಿಸಿಕೊಟ್ಟರು. ನಾನು ಬಸ್ಸಿನಲ್ಲಿ ಹೋಗಿ ಅವರಿಬ್ಬರಿಗಿಂತ ಮೊದಲೇ ತಲುಪಿದೆ. ಅಮ್ಮನ ಪಕ್ಕದಲ್ಲಿ ನಿಂತು ಕಾದೆ. ದೂರದಲ್ಲಿ ಗುಡುಗುಡು ಕೇಳಿಸಿತು. ಎತ್ತಿನ ಗಾಡಿಯೂ ಹಿಂದೆ ಹಾಕುವಂಥ ನಿಧಾನದಲ್ಲಿ ಭಾವ ಬರುತ್ತಿದ್ದರು. ನಾಲ್ಕು ಜನರ ಎದುರು ಗಂಡನ ಹೆಸರನ್ನೂ ಹೇಳದ ನಮ್ಮಕ್ಕ, ಹಾಡಹಗಲಲ್ಲಿ, ಎಲ್ಲರೂ ನೋಡುತ್ತಿರುವಂತೆ, ಭಾವನ ಸೊಂಟವನ್ನು ಎರಡೂ ಕೈಗಳಿಂದ ಬಳಸಿ ಹಿಡಿದಿದ್ದಳು.

ಗಾಡಿ ನಿಂತಾಗ ಭಾವನ ಅಂಗಿ ಬೆವರಿನಿಂದ ತೊಯ್ದುಹೋಗಿತ್ತು. ಅಕ್ಕನ ಕೈಹಿಡಿದು ಇಳಿಸಿ, ಅಮ್ಮನ ಮುಂದೆ ತಂದು ನಿಲ್ಲಿಸಿ, ಹೇಳಿದರು:

"ಅತ್ತೆ, ನಿಮ್ಮ ಮಗಳನ್ನ ಜೋಪಾನವಾಗಿ ಕರ್ಕೊಂಡು ಬಂದಿದೀನಿ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೊಟ್ಟ ದಿನದಿಂದ ಹಾಗೇ ಇಟ್ಕೊಂಡಿದೀರಲ್ಲಪ್ಪ" ಎಂದಳು.