ಷಡ್ಡಕನ ನೀಲಿ ಪೈಪು

ಎಲ್ಲ ಶುರುವಾದದ್ದು ಒಂದು ಲೋಟ ನೀರಿನಿಂದ. ಕೆಳಗಿನ ಮನೆಯ ಷಡ್ಡಕನ ಫ್ರಿಜ್ಜಿಗೆ ಬಾಗಿಲಲ್ಲೇ ನಲ್ಲಿ. ಲೋಟ ಒತ್ತಿದರೆ ಸಾಕು, ತಣ್ಣನೆಯ ನೀರು ಸುರಿಯುತ್ತಿತ್ತು. ಮೇಲಿನ ಮನೆಯ ಗುಮಾಸ್ತನ ಹೆಂಡತಿ ಅಕ್ಕನ ಮನೆಗೆ ಹೋದಾಗಲೆಲ್ಲ ಬಾಯಾರಿಕೆ ಇರಲಿ ಬಿಡಲಿ, ಎರಡು ಲೋಟ ಕುಡಿದೇ ಬರುತ್ತಿದ್ದಳು. ಬಂದು ಗಂಡನಿಗೆ ಹೇಳುತ್ತಿದ್ದ ಮಾತೂ ಒಂದೇ.

"ಪೈಪೆಲ್ಲ ಭಾವನೇ ಜೋಡಿಸಿದ್ದಂತೆ. ಗಂಡಸು ಅಂದ್ರೆ ಹಾಗಿರ್ಬೇಕು."

ಈ ಮಾತು ಗುಮಾಸ್ತನಿಗೆ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ. ನುಂಗಲಾಗದು, ಉಗುಳಲಾಗದು. ಮದುವೆಯಾದ ದಿನದಿಂದ ಷಡ್ಡಕ ಎಲ್ಲದರಲ್ಲೂ ಅವನಿಗಿಂತ ಒಂದು ಗೇಣು ಮುಂದೆ; ಎತ್ತರದಲ್ಲಿ, ಸಂಬಳದಲ್ಲಿ, ತಲೆಗೂದಲಲ್ಲಿ. ಕೊನೆಗೆ ಹೊಟ್ಟೆಯುರಿ ತಡೆಯಲಾಗದೆ ಗುಮಾಸ್ತ ಅದೇ ಕಂಪನಿಯ ಅದೇ ಮಾಡೆಲ್ಲಿನ ಫ್ರಿಜ್ ತಂದ. ಫಿಟ್ಟರನ್ನು ಕಳಿಸುತ್ತೇವೆ ಎಂದ ಅಂಗಡಿಯವನಿಗೆ ಬೇಡವೆಂದ. ಅವನಿಗೆ ಬೇಕಾದದ್ದು ನೀರಲ್ಲ. ಹೆಂಡತಿ ಒಂದೇ ಒಂದು ಸಲ, ಅಕ್ಕನ ಎದುರು ನಿಂತು, "ನಮ್ಮನೆಯವ್ರೇ ಜೋಡಿಸಿದ್ದು" ಅನ್ನಬೇಕು. ಅಷ್ಟೆ.

ಭಾನುವಾರ ಬೆಳಗ್ಗೆ ಬನಿಯನ್ನು ತೊಟ್ಟು ಕಾರ್ಯಾರಂಭ ಮಾಡಿದ. ಸಿಂಕಿನ ಕೆಳಗೆ ನಲ್ಲಿಯ ಪೈಪಿಗೆ ವಾಲ್ವಿರುವ ಕವಲೊಂದನ್ನು ಕೂರಿಸಿ, ಅಲ್ಲಿಂದ ನೀಲಿ ಪೈಪನ್ನು ಎಳೆದು ತಂದು ಫ್ರಿಜ್ಜಿನ ಬೆನ್ನಿಗೆ ಚುಚ್ಚಿದ. ಟಕ್ಕೆಂದು ಕಚ್ಚಿಕೊಂಡಿತು. ವಾಲ್ವ್ ತಿರುಗಿಸಿದ. ಫ್ರಿಜ್ಜಿನ ಬೆನ್ನು ನೆಗಡಿ ಹಿಡಿದ ಮೂಗಿನಂತೆ ಸೋರತೊಡಗಿತು.

ಪೈಪಿನ ತುದಿಯನ್ನು ತರಕಾರಿ ಚಾಕುವಿನಲ್ಲಿ ಓರೆಯಾಗಿ ಕತ್ತರಿಸಿದ್ದೇ ತಪ್ಪು. ಬಿಚ್ಚಿ, ನೆಟ್ಟಗೆ ಕತ್ತರಿಸಿ, ಮತ್ತೆ ಹಾಕಬೇಕು. ಎಳೆದ. ಬರಲಿಲ್ಲ. ಎಳೆದಷ್ಟೂ ಒಳಗಿನ ಹಲ್ಲು ಪೈಪನ್ನು ಕಚ್ಚಿ ಹಿಡಿಯುವ ಜಾತಿಯ ಜೋಡಣೆ ಅದು. ಅದರ ಬಾಯಿಯ ಸುತ್ತ ಇರುವ ಪುಟ್ಟ ಉಂಗುರವನ್ನು ಒಳಕ್ಕೆ ಒತ್ತಿ ಹಿಡಿದರೆ ಮಗುವೂ ಬಿಡಿಸಬಹುದು. ಗುಮಾಸ್ತನಿಗೆ ಉಂಗುರದ ಸುದ್ದಿಯೇ ಗೊತ್ತಿರಲಿಲ್ಲ.

"ಭಾವನ್ನ ಕರೀಲಾ?" ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ಕರೆದ್ರೆ ನಾನು ಮನೆ ಬಿಟ್ಟು ಹೋಗ್ತೀನಿ."

"ಹೋಗೋ ಮುಂಚೆ ನೆಲ ಒರೆಸಿ ಹೋಗಿ."

ಮಾತಿನ ಸದ್ದಿಗೆ ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೇ ಬಂದರು. "ಏನಪ್ಪಾ, ಇದೇನು ಎಮ್ಮೆ ಬಾಲ ಹಿಡಿದ ಹಾಗೆ ಹಿಡ್ಕೊಂಡಿದೀಯ? ಎಳೆಯೋದಕ್ಕೂ ಒಂದು ಕ್ರಮ ಇದೆ. ಕಾಲು ಗೋಡೆಗೆ ಕೊಡು. ಹಗ್ಗ ಜಗ್ಗಾಟದಲ್ಲಿ ನನ್ನ ಹುಡುಗರು ಸೋತಿದ್ದೇ ಇಲ್ಲ."

"ನೀರು ನಿಲ್ಲಿಸಿ ಮೊದ್ಲು," ಎಂದಳು ಹೆಂಡತಿ.

"ಆಟದ ಮಧ್ಯೆ ಮಾತಾಡಬಾರದಮ್ಮ." ಮೇಷ್ಟ್ರು ಗುಮಾಸ್ತನ ಸೊಂಟ ಹಿಡಿದರು. "ಒಂದು... ಎರಡು... ಎಳಿ."

ಫ್ರಿಜ್ಜಿನ ಕಡೆ ಅಲುಗಲಿಲ್ಲ. ಸಿಂಕಿನ ಕೆಳಗಿನ ಕವಲು ಬುಡಸಮೇತ ಮುರಿದು ಬಂತು. ಮೇಷ್ಟ್ರು ಕೆಳಗೆ, ಗುಮಾಸ್ತ ಅವರ ಮೇಲೆ, ನೀರು ಇಬ್ಬರ ಮೇಲೆ. ಗುಮಾಸ್ತ ತೂತಿಗೆ ಹೆಬ್ಬೆರಳು ಕೊಟ್ಟ, ಟವೆಲು ಕೊಟ್ಟ, ಕೊನೆಗೆ ಬೆನ್ನು ಕೊಟ್ಟು ಕೂತ. ಹೆಂಡತಿ ತಾರಸಿಗೆ ಓಡಿ ಟ್ಯಾಂಕಿನ ದೊಡ್ಡ ವಾಲ್ವ್ ಮುಚ್ಚುವಷ್ಟರಲ್ಲಿ ಅಡುಗೆಮನೆ ಕೆರೆಯಾಗಿತ್ತು. ಕೆಳಗಿನಿಂದ ಅತ್ತಿಗೆಯ, ಅಂದರೆ ಹೆಂಡತಿಯ ಅಕ್ಕನ, ಕೂಗು ಕೇಳಿಸಿತು: "ಅಯ್ಯೋ, ನಮ್ಮ ಸೂರು ಸೋರ್ತಿದೆ!"

ಎಲ್ಲರೂ ಇಳಿದು ಓಡಿದರು. ನೀರು ನೇರವಾಗಿ ಷಡ್ಡಕನ ಫ್ರಿಜ್ಜಿನ ತಲೆಯ ಮೇಲೇ ಬೀಳುತ್ತಿತ್ತು.

"ಪ್ಲಗ್ ಕಿತ್ತು ಫ್ರಿಜ್ ಸರಿಸಿ," ಎಂದರು ಮೇಷ್ಟ್ರು.

ಪ್ಲಗ್ಗೇನೋ ಕಿತ್ತ ಷಡ್ಡಕ, ಫ್ರಿಜ್ಜಿಗೆ ಅಡ್ಡ ನಿಂತುಬಿಟ್ಟ. "ಬೇಡ ಬೇಡ. ನೆನೆದ್ರೆ ಒಣಗುತ್ತೆ ಬಿಡಿ."

"ಪಕ್ಕಕ್ಕೆ ಬಾಪ್ಪ. ಒಂದು... ಎರಡು..."

ಫ್ರಿಜ್ ಸರಿಯಿತು. ಬೆನ್ನಿನಿಂದ ಇಳಿದ ನೀಲಿ ಪೈಪು ಮೊಣಕಾಲುದ್ದ ಬಂದು ಅಲ್ಲಿಗೇ ಮುಗಿದಿತ್ತು. ತುದಿಯನ್ನು ದಾರದಿಂದ ಗೋಡೆಯ ಮೊಳೆಗೆ ಕಟ್ಟಲಾಗಿತ್ತು.

ಅತ್ತಿಗೆ ಕೇಳಿದಳು: "ಹಾಗಾದ್ರೆ ಇಷ್ಟು ದಿನ ನೀರು ಎಲ್ಲಿಂದ ಬರ್ತಿತ್ತು?"

"ಪೈಪಿಲ್ಲದವರಿಗೆ ಅಂತ ಒಳಗೊಂದು ತೊಟ್ಟಿ ಇದೆ," ಷಡ್ಡಕ ನೆಲ ನೋಡುತ್ತ ಹೇಳಿದ. "ಜಗ್ಗಿನಲ್ಲಿ ತುಂಬಿಸ್ತೀನಿ. ದಿನಾ, ನೀನು ಏಳೋಕೆ ಮುಂಚೆ."

"ಯಾಕ್ರೀ?"

"ಜೋಡಿಸೋಕೆ ಬರ್ಲಿಲ್ಲ. ಅಷ್ಟ್ರಲ್ಲಿ ಜೋಡಿಸಿದೆ ಅಂತ ನಿನಗೆ ಹೇಳಿಬಿಟ್ಟಿದ್ದೆ."

ಒದ್ದೆ ಬನಿಯನ್ನಿನೊಳಗೆ ಗುಮಾಸ್ತನ ಎದೆ ಸೈಕಲ್ ಟ್ಯೂಬಿನಂತೆ ಉಬ್ಬಿತು. ಸೂರು ಸೋರಿದ್ದು, ಕವಲು ಮುರಿದದ್ದು, ಎಲ್ಲ ಸಾರ್ಥಕ. ಗೆದ್ದವನ ಠೀವಿಯಿಂದ ಹೆಂಡತಿಯ ಕಡೆ ತಿರುಗಿದ. ಅವಳ ಕಣ್ಣು ತುಂಬಿತ್ತು.

"ದಿನಾ ಬೆಳಗ್ಗೆ," ಎಂದಳು. "ಅಕ್ಕನಿಗೆ ಗೊತ್ತೂ ಆಗದ ಹಾಗೆ. ನೀವು ನನಗೆ ಒಂದು ದಿನ ಒಂದು ಲೋಟ ನೀರು ತಂದುಕೊಟ್ಟಿದ್ದು ಉಂಟಾ?"

ಟ್ಯೂಬಿನ ಗಾಳಿ ಇಳಿಯಿತು.

ಸಂಜೆ ಅಂಗಡಿಯ ಫಿಟ್ಟರ್ ಬಂದು, ಉಂಗುರ ಒತ್ತಿ ಎರಡು ಬೆರಳಲ್ಲಿ ಪೈಪು ಬಿಡಿಸಿ, ಮೇಲಿನ ಮನೆಯದನ್ನು ಸರಿಮಾಡಿದ. "ಇನ್ನು ನೀವು ಕಷ್ಟಪಡೋದು ಬೇಡ" ಎಂದು ಗಂಡನಿಗೆ ಹೇಳಿ ಅತ್ತಿಗೆ ಫಿಟ್ಟರ್ ಕೈಯಲ್ಲೇ ಕೆಳಗಿನದನ್ನೂ ಹಾಕಿಸಿದಳು. ಎರಡೂ ಫ್ರಿಜ್ಜಿನಲ್ಲಿ ನೀರು ಸೊಗಸಾಗಿ ಬಂತು. ಫಿಟ್ಟರ್ ಅತ್ತ ಹೋಗುತ್ತಲೇ ಗುಮಾಸ್ತನ ಹೆಂಡತಿ ಸಿಂಕಿನ ಕೆಳಗೆ ಬಗ್ಗಿ ಹೊಸ ವಾಲ್ವನ್ನು ಮುಚ್ಚಿದಳು.

"ಪೈಪಿನ ನೀರು ಯಾರ ಮನೇಲಿ ಬೇಕಾದ್ರೂ ಬರುತ್ತೆ," ಎಂದು ಗಂಡನ ಕೈಗೆ ಜಗ್ಗು ಕೊಟ್ಟಳು. "ನಾನು ಏಳೋಕೆ ಮುಂಚೆ. ನನಗೆ ಗೊತ್ತಾಗಬಾರದು, ಆಯ್ತಾ?"

ಮರುದಿನ ನಸುಕಿನಲ್ಲಿ ಗುಮಾಸ್ತ ತುದಿಗಾಲಲ್ಲಿ ನಡೆದು ತೊಟ್ಟಿಯ ಮುಚ್ಚಳ ತೆಗೆದ. ಕೆಳಗಿನ ಮನೆಯಿಂದ ಷಡ್ಡಕನ ಗೊರಕೆ ತೇಲಿ ಬರುತ್ತಿತ್ತು. ಗೊರಕೆಯಲ್ಲೂ ಅವನು ಒಂದು ಗೇಣು ಮುಂದೆಯೇ ಇದ್ದ. ಕಿವಿ ಅತ್ತ ಹೋಗಿ, ಕೈಯ ಜಗ್ಗು ಫ್ರಿಜ್ಜಿನ ಬಾಗಿಲಿಗೆ ತಗುಲಿ ಠಣ್ಣೆಂದಿತು.

"ಸದ್ದು ಮಾಡ್ಬೇಡಿ," ಕೋಣೆಯೊಳಗಿನಿಂದ ಹೆಂಡತಿಯ ದನಿ ಬಂತು. "ನನಗಿನ್ನೂ ಎಚ್ಚರ ಆಗಿಲ್ಲ."